ಎರಡನೇ ಸಾಕ್ಷಿಯ ಹೆಬ್ಬೆಟ್ಟು

ಬರಲಿಲ್ಲ.

ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟ. ನೀರಿನ ಸದ್ದು ಕಿವಿಗೆ ಬಿದ್ದರೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಕೆಟ್ಟು ತುಂಬಿತು, ಅಂಚು ಮೀರಿ ಹರಿಯಿತು, ಹರಿದ ನೀರು ಜಾಲರಿಯೊಳಗೆ ಗುಳುಗುಳು ಎಂದು ಇಳಿದುಹೋಯಿತು. ಜಿಲ್ಲೆಯ ಹೋಟೆಲು, ಬಾರುಗಳಲ್ಲಿ ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎಂದು ಹದಿನಾಲ್ಕು ವರ್ಷದಿಂದ ಬರೆದುಕೊಡುತ್ತಿದ್ದ ಇಂಜಿನಿಯರ್ ಚನ್ನವೀರಯ್ಯ ತನ್ನದೇ ಮನೆಯ ಬಚ್ಚಲಲ್ಲಿ ಪೈಜಾಮದ ಲಾಡಿ ಹಿಡಿದುಕೊಂಡು ನಿಂತಿದ್ದ.

ಒಳಗೆ ತುಂಬಿರುವುದು ನಿಜ. ಹೊರಗೆ ಬಾರದಿರುವುದೂ ನಿಜ. ಸ್ಕ್ಯಾನಿಂಗ್ ಮಾಡಿಸಿದ್ದಾಯಿತು. ಕಲ್ಲಿಲ್ಲ, ಗಂಟಿಲ್ಲ, ಸಕ್ಕರೆಯೂ ಇಲ್ಲ. ‘ಲೈನ್ ಕ್ಲಿಯರಾಗಿದೆ, ಟೆನ್ಷನ್ ಕಮ್ಮಿ ಮಾಡ್ಕೊಳಿ’ ಎಂದು ಡಾಕ್ಟರು ನಕ್ಕಿದ್ದರು. ಲೈನು ಸರಿಯಿದ್ದೂ ನೀರು ಹೋಗದಿದ್ದರೆ ಏನು ಮಾಡಬೇಕೆಂದು ಅವನ ಕಚೇರಿಯ ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

“ಇನ್ನೂ ಆಗ್ಲಿಲ್ವಾ? ನನ್ ಬಸ್ ಹೋಗುತ್ತೆ.” ಹೆಂಡತಿ ವನಜಾಕ್ಷಿ ಹೊರಗಿನಿಂದ ಬಾಗಿಲು ತಟ್ಟಿದಳು.

“ಆಯ್ತು.”

ಆಗಿರಲಿಲ್ಲ. ಬಾಗಿಲು ತೆಗೆದ. ಅವಳು ಅವನ ಮುಖ ನೋಡದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳು ಹಳ್ಳಿಯೊಂದರ ಶಾಲೆಯಲ್ಲಿ ಟೀಚರು. ಸೀರೆ ಉಟ್ಟು, ಚೀಲ ಹೆಗಲಿಗೇರಿಸಿದ ಮೇಲೂ ಮನೆ ಬಿಡುವ ಮುನ್ನ ಮತ್ತೊಮ್ಮೆ ಬಚ್ಚಲಿಗೆ ಹೋಗಿಬರುವುದು ಅವಳ ಪದ್ಧತಿ. ಮದುವೆಯಾದ ಹದಿನಾರು ವರ್ಷದಿಂದಲೂ ಅದನ್ನು ಅವನು ಹೆಂಗಸರ ಒಂದು ಗೀಳು ಎಂದುಕೊಂಡಿದ್ದ.

“ಡಾಕ್ಟ್ರು ಏನಂದ್ರು?” ಚಪ್ಪಲಿ ಮೆಟ್ಟುತ್ತಾ ಕೇಳಿದಳು.

“ಏನಿಲ್ಲಂತೆ.”

“ಏನಿಲ್ಲ ಅಂದ್ರೆ?”

“ಏನೂ ಇಲ್ಲ ಅಂತ.”

ಅವಳು ನೀರಿನ ಬಾಟಲು ಚೀಲಕ್ಕೆ ತುರುಕಿಕೊಂಡು ಹೊರಟುಹೋದಳು. ಆ ಬಾಟಲು ಸಂಜೆ ತುಂಬಿಕೊಂಡೇ ವಾಪಸು ಬರುತ್ತಿತ್ತು. ಅದನ್ನವಳು ದಾಸವಾಳದ ಕುಂಡಕ್ಕೆ ಸುರಿಯುತ್ತಿದ್ದಳು. ಕುಡಿಯುವ ನೀರು ದಂಡ ಮಾಡುತ್ತಾಳೆಂದು ಅವನು ಒಂದೆರಡು ಸಲ ಗೊಣಗಿದ್ದೂ ಉಂಟು.

ಶಿರಾ ಗೇಟಿನಲ್ಲಿ ಎಂದಿನಂತೆ ಆಟೋ, ಲಾರಿ, ಖಾಸಗಿ ಬಸ್ಸುಗಳು ಒಂದರ ಮೂತಿಗೊಂದು ಮೂತಿ ಇಟ್ಟು ನಿಂತಿದ್ದವು. ಕಚೇರಿಯ ಜೀಪಿನ ಡ್ರೈವರ್ ಗಂಗರಾಜು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದ.

“ಎಲ್ಗೆ ಸಾರ್ ಇವತ್ತು?”

“ಗುಬ್ಬಿ. ಅಲ್ಲಿಂದ ಕುಣಿಗಲ್.”

ಕುಣಿಗಲ್ ಎಂದಾಗ ಹೊಟ್ಟೆಯ ಕೆಳಭಾಗ ಇನ್ನೊಂದು ಸುತ್ತು ಬಿಗಿಯಿತು. ಚನ್ನವೀರಯ್ಯ ಕಾಲಮೇಲೆ ಕಾಲು ಹಾಕಿ ಕೂತ.

ಅವನ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬಹುದು. ಹೋಟೆಲು, ಬಾರುಗಳಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಶೌಚಾಲಯ ಇರಬೇಕು. ಬಾಗಿಲು ಬೇರೆ, ಪೈಪು ಬೇರೆ. ಇದು ನಿಯಮ. ನಿಯಮ ಅರ್ಧ ಪುಟ. ಅದರ ಕೆಳಗೆ ವಿನಾಯಿತಿಗಳು, ಅವು ಮೂರು ಪುಟ. ಕುರ್ಚಿಗಳು ಇಪ್ಪತ್ತೈದಕ್ಕಿಂತ ಕಡಿಮೆಯಿದ್ದರೆ ಬೇಡ. ನೂರು ಮೀಟರಿನೊಳಗೆ ಸಾರ್ವಜನಿಕ ಶೌಚಾಲಯವಿದ್ದರೆ ಬೇಡ. ಬಾರಿಗೆ ಹೆಂಗಸರು ಬಾರದಿದ್ದರೆ, ಅಲ್ಲಿ ಕೆಲಸಕ್ಕೂ ಇಲ್ಲದಿದ್ದರೆ ಬೇಡ. ಚನ್ನವೀರಯ್ಯ ಆ ಮೂರು ಪುಟಗಳ ಮನುಷ್ಯ. ಜಾಗ ನೋಡಿ ಮಹಜರು ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ ವಿನಾಯಿತಿಗೆ ಶಿಫಾರಸು ಮಾಡಬೇಕು. ವಿನಾಯಿತಿಯ ಆಯುಸ್ಸು ಒಂದು ವರ್ಷ.

ಅವನು ಪ್ರಾಮಾಣಿಕ. ಇದನ್ನು ಅವನ ವೈರಿಗಳೂ ಒಪ್ಪುತ್ತಿದ್ದರು. ತಪಾಸಣೆಗೆ ಹೋದ ಜಾಗದಲ್ಲಿ ಒಂದು ಲೋಟ ಕಾಫಿ ಕುಡಿದವನಲ್ಲ. ಕೆಲಸ ಹೆಚ್ಚು, ದಿನ ಕಡಿಮೆ ಆದ್ದರಿಂದ ಮಹಜರನ್ನು ಮಾತ್ರ ಹಿಂದಿನ ದಿನವೇ ಕಚೇರಿಯಲ್ಲಿ ಕೂತು, ಕಳೆದ ವರ್ಷದ್ದನ್ನು ಎದುರಿಗಿಟ್ಟುಕೊಂಡು, ತಾರೀಖು ಬದಲಾಯಿಸಿ ಬರೆದುಬಿಡುತ್ತಿದ್ದ. ಜಾಗಕ್ಕೆ ಹೋಗುವುದು ರುಜುವಿಗೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಇದರಲ್ಲಿ ಮೋಸವಿದೆ ಎಂದು ಅವನಿಗೆ ಅನ್ನಿಸಿರಲೇ ಇಲ್ಲ.

ಗುಬ್ಬಿಯಲ್ಲಿ ಮಹಾಲಿಂಗಯ್ಯನವರ ಹೋಟೆಲಿನಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳಿದ್ದವು. ಇಪ್ಪತ್ತೈದನೆಯದು ಒಳಗೆ, ಈರುಳ್ಳಿ ಮೂಟೆಯ ಪಕ್ಕ ತಲೆಕೆಳಗಾಗಿ ಕೂತಿತ್ತು.

“ಅದು ಕಾಲು ಮುರ್ದಿರೋದು ಸಾರ್,” ಎಂದರು ಮಹಾಲಿಂಗಯ್ಯ.

ಕಾಲು ನಾಲ್ಕೂ ನೆಟ್ಟಗಿದ್ದವು. ಚನ್ನವೀರಯ್ಯ ಇಪ್ಪತ್ತನಾಲ್ಕು ಎಂದು ಗುರುತು ಹಾಕಿಕೊಂಡ. ಎದುರು ಬೀದಿಯ ಸಾರ್ವಜನಿಕ ಶೌಚಾಲಯಕ್ಕೆ ಟೇಪು ಹಿಡಿದರೆ ತೊಂಬತ್ತೊಂದು ಮೀಟರು ಬಂತು. ಅದಕ್ಕೆ ಬೀಗ ಹಾಕಿತ್ತು. ಬೀಗ ತುಕ್ಕು ಹಿಡಿದಿತ್ತು. ನಿಯಮದಲ್ಲಿ ದೂರದ ಮಾತಿತ್ತೇ ಹೊರತು ಬೀಗದ ಮಾತಿರಲಿಲ್ಲ.

“ಮುಖ ಯಾಕೋ ಬಾಡೈತಲ್ಲ ಸಾರ್. ಕಾಫಿ ಅಂತೂ ಕುಡಿಯಾಕಿಲ್ಲ ನೀವು. ಒಳಗಡೆ ನಮ್ದೇ ಬಾತ್‌ರೂಮ್ ಐತೆ, ಹೋಗ್ಬನ್ನಿ.”

ಇದು ಲಂಚದ ಲೆಕ್ಕಕ್ಕೆ ಬರುವುದಿಲ್ಲವೆಂದು ಅವನು ಒಳಗೆ ಹೋದ. ಬಿಳಿ ಟೈಲ್ಸು, ಫಿನಾಯಿಲು, ಹೊಸ ನಲ್ಲಿ. ಎಲ್ಲ ಇತ್ತು. ಐದು ನಿಮಿಷ ನಿಂತ. ಗೋಡೆಯಾಚೆ ಯಾರೋ ಲೋಟ ತೊಳೆಯುವ ಸದ್ದು ಕೇಳಿತು. ಆ ಸದ್ದು ಕೇಳಿದ ಕೂಡಲೆ ಬರುವಂತಿದ್ದದ್ದೂ ಹಿಂದಕ್ಕೆ ಸರಿಯಿತು. ಸುಮ್ಮನೆ ನೀರು ಬಿಟ್ಟು ಬಂದ.

ಜೀಪು ಗುಬ್ಬಿ ಬಿಟ್ಟು ತೆಂಗಿನ ತೋಟಗಳ ನಡುವೆ ಕುಣಿಗಲ್ ಕಡೆ ಹೊರಟಿತು. ರಸ್ತೆಯ ಒಂದೊಂದು ಹಳ್ಳಕ್ಕೂ ಹೊಟ್ಟೆಯೊಳಗೆ ಒಂದೊಂದು ಚೂರಿ ಆಡಿದಂತಾಗುತ್ತಿತ್ತು. ನೋವು ಮರೆಯಲು ಕುಣಿಗಲ್ ಫೈಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡ. ಹೊಸ ಮಹಜರು ಮೇಲಿತ್ತು, ಹೋದ ವರ್ಷದ್ದು ಕೆಳಗೆ. ಎರಡೂ ಒಂದೇ ಎಂದು ಗೊತ್ತಿದ್ದರೂ ಹಳೆಯದನ್ನು ಓದಿದ.

‘ಸದರಿ ಬಾರ್ ಅಂಡ್ ರೆಸ್ಟೋರೆಂಟಿಗೆ ಮಹಿಳಾ ಗ್ರಾಹಕರು ಬರುವುದಿಲ್ಲ. ಮಹಿಳಾ ನೌಕರರೂ ಇರುವುದಿಲ್ಲ. ಆದಕಾರಣ ಪ್ರತ್ಯೇಕ ಶೌಚಾಲಯದ ಅವಶ್ಯಕತೆ ಕಂಡುಬಂದಿರುವುದಿಲ್ಲ. ಓದಿ ಹೇಳಿ ಕೇಳಿದ್ದು ಸರಿ ಇದೆ.’

ಕೆಳಗೆ ಮೊದಲನೇ ಸಾಕ್ಷಿ, ಪಕ್ಕದ ಬೀಡಾ ಅಂಗಡಿಯವನ ಸಹಿ. ಅದರ ಕೆಳಗೆ ಒಂದು ನೀಲಿ ಹೆಬ್ಬೆಟ್ಟು. ಹೆಬ್ಬೆಟ್ಟಿನ ಸುತ್ತ ಅವನದೇ ಅಕ್ಷರ: ‘ಪುಟ್ಟಗಂಗಮ್ಮ ಕೋಂ ಯಲ್ಲಯ್ಯ. ವಾಸ ಕೊತ್ತಗೆರೆ. ಕಸುಬು: ಸದರಿ ಬಾರಿನಲ್ಲಿ ಲೋಟ ತೊಳೆಯುವ ಕೆಲಸ.’

ಎರಡು ಸಲ ಓದಿದ. ಬಾರಿನಲ್ಲಿ ಕೆಲಸದ ಹೆಂಗಸರು ಇಲ್ಲ ಎನ್ನುವುದಕ್ಕೆ ಬಾರಿನ ಕೆಲಸದ ಹೆಂಗಸು ಸಾಕ್ಷಿ. ಒಂದೇ ಪುಟ, ಒಂದೇ ಕೈಬರಹ. ಈ ಕಾಗದ ಅವನ ಮೇಜಿನಿಂದ ಐದು ಮೇಜು ಹತ್ತಿ ಇಳಿದಿತ್ತು. ಐದು ಜನ ‘ಪರಿಶೀಲಿಸಲಾಗಿದೆ’ ಎಂದು ಬರೆದಿದ್ದರು. ಅವನಿಗೆ ಮೊದಲು ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ನಿಲ್ಲಿಸಿದ.

ಆಮೇಲೆ ಹೆದರಿಕೆಯಾಯಿತು.

ಹೋದ ವರ್ಷದ ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು, ಈ ಹೆಬ್ಬೆಟ್ಟಿನ ಕ್ಷಣವೊಂದು ಬಿಟ್ಟು. ಎರಡನೇ ಸಾಕ್ಷಿ ಸಿಗದೆ ಬಾರಿನ ಯಜಮಾನ ಯಾರನ್ನೋ ಕೂಗಿದ್ದ. ಒದ್ದೆ ಕೈಯೊಂದು ಬಂದು ಕಾಗದದ ಮೇಲೆ ಒತ್ತಿ ಹೋಗಿತ್ತು. ಕೈ ಯಾರದೆಂದು ಅವನು ತಲೆ ಎತ್ತಿರಲಿಲ್ಲ. ಹೆಸರು, ಕಸುಬು ಯಜಮಾನ ಹೇಳಿದಂತೆ ಬರೆದುಕೊಂಡಿದ್ದ. ರುಜುವೆಲ್ಲ ಮುಗಿದ ಮೇಲೆ ಚರಂಡಿ ನೋಡಲೆಂದು ಕಟ್ಟಡದ ಹಿಂದಕ್ಕೆ ಹೋಗಿದ್ದ. ಅಲ್ಲಿ ತೆಂಗಿನ ಮಟ್ಟೆಯ ರಾಶಿಯ ಮರೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವನನ್ನು ಕಂಡಳು. ಯಾರೋ ಆಗಿದ್ದರೆ ತಲೆ ತಗ್ಗಿಸುತ್ತಿದ್ದಳೋ ಏನೋ. ಬಂದವನು ಆಫೀಸರು. ಕೂತದ್ದು ಅರ್ಧಕ್ಕೇ ಬಿಟ್ಟು ಎದ್ದುನಿಂತು, ಸೀರೆ ಇಳಿಬಿಟ್ಟು, ಕೈ ಮುಗಿದಳು.

ಅವನು ಕಂಡೂ ಕಾಣದಂತೆ ಚರಂಡಿಯತ್ತ ತಿರುಗಿ ‘ಇಳಿಜಾರು ಸರಿಯಿದೆ’ ಎಂದು ಬರೆದುಕೊಂಡಿದ್ದ. ಹೆಬ್ಬೆಟ್ಟು ಒತ್ತಿದ ಒದ್ದೆ ಕೈ ಅವಳದೇ ಇರಬೇಕೆಂದು ಈಗ ಹೊಳೆಯಿತು.

ಆ ವಾರದಿಂದ ಅವನಿಗೆ ಆಗಾಗ ಮೂತ್ರ ಕಟ್ಟಿಕೊಳ್ಳತೊಡಗಿತು. ಮನೆಯಲ್ಲಿ, ಕಚೇರಿಯಲ್ಲಿ, ಎಲ್ಲೇ ನಿಂತರೂ ಎದುರಿಗೆ ಆ ಹೆಂಗಸು ಅರ್ಧಕ್ಕೇ ಎದ್ದು ಕೈ ಮುಗಿಯುತ್ತಿದ್ದಳು. ದೆವ್ವವಾದರೆ ತಾಯತ ಕಟ್ಟಿಸಬಹುದಿತ್ತು. ಬದುಕಿರುವವಳ ಕಾಟಕ್ಕೆ ಯಾವ ಮಂತ್ರವಾದಿಯ ಹತ್ತಿರ ಹೋಗುವುದು? ಡಾಕ್ಟರಿಗೆ ಇದನ್ನು ಹೇಳಿರಲಿಲ್ಲ. ವನಜಾಕ್ಷಿಗಂತೂ ಹೇಳುವ ಮಾತೇ ಇರಲಿಲ್ಲ.

ಕುಣಿಗಲ್ ಕೆರೆಯ ಏರಿ ಕಾಣಿಸಿತು. “ಸಾರ್, ಹುಷಾರಿದೀರಾ?” ಎಂದ ಗಂಗರಾಜು. “ನೀನು ಮುಂದೆ ನೋಡ್ಕೊಂಡು ಓಡ್ಸು,” ಎಂದ ಚನ್ನವೀರಯ್ಯ.

ಬಾರಿನ ಯಜಮಾನ ಗೋವಿಂದರಾಜು ಬಾಗಿಲಲ್ಲೇ ಕಾದಿದ್ದ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ನಗು. ಹೊತ್ತು ಹನ್ನೆರಡಾಗಿದ್ದರೂ ಒಳಗೆ ಕೆಂಪು ದೀಪಗಳು ಉರಿಯುತ್ತಿದ್ದವು. ನಾಲ್ಕೈದು ಜನ ಲಾರಿಯವರು ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದರು. ಕೌಂಟರಿನ ಹಿಂದೆ, ಸಿಂಕಿನ ಮುಂದೆ ಅವಳು ನಿಂತಿದ್ದಳು.

ಅವಳೇ. ಐವತ್ತರ ಆಸುಪಾಸು. ಮೊಣಕೈವರೆಗೆ ಸೋಪಿನ ನೊರೆ. ಒಂದು ಕಡೆ ಎಂಜಲು ಲೋಟ, ಒಂದು ಕಡೆ ತೊಳೆದದ್ದು. ನಲ್ಲಿ ಧಾರಾಳವಾಗಿ ಹರಿಯುತ್ತಿತ್ತು. ಆ ಸದ್ದು ಅವನ ಕಿವಿಯಿಂದ ನೇರವಾಗಿ ಹೊಟ್ಟೆಗೆ ಇಳಿಯಿತು.

“ಅದೇ ಕಾಗ್ದ ತಾನೆ ಸಾರ್? ಕೊಡಿ, ಸೈನ್ ಹಾಕ್ಸ್‌ಬುಡ್ತೀನಿ,” ಎಂದ ಗೋವಿಂದರಾಜು.

“ಸ್ವಲ್ಪ ಅಳತೆ ತಗೋಬೇಕು.”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಶೌಚಾಲಯ ಕಟ್ಟಿಸಲೆಂದು ಅಳತೆ ಹಿಡಿದ. ಸ್ಟೋರಿನ ಪಕ್ಕ, ಖಾಲಿ ಬಾಟಲಿಯ ಕ್ರೇಟುಗಳಿದ್ದ ಮೂಲೆ ನಾಲ್ಕಡಿ ಅಗಲ, ಐದಡಿ ಉದ್ದ ಇತ್ತು. ಗೋಡೆಯಾಚೆಗೇ ಮೋರಿಯ ಪೈಪು. ಒಂದು ಕಮೋಡು, ಒಂದು ನಲ್ಲಿ, ಚಿಲಕವಿರುವ ಒಂದು ಬಾಗಿಲು, ಅಷ್ಟೇ. ಎರಡು ದಿನದ ಕೆಲಸ. ಹೇಳುವಾಗ ಅವನ ದನಿಯಲ್ಲಿ ಏನೋ ಉತ್ಸಾಹವಿತ್ತು. ತಾನು ಓದಿದ ವಿದ್ಯೆ ಇದೇ ಅಲ್ಲವೇ ಎಂದು ಸಣ್ಣದೊಂದು ಸಂತೋಷವೂ ಆಯಿತು.

ಗೋವಿಂದರಾಜು ಕೊನೆಯವರೆಗೂ ಕೇಳಿಸಿಕೊಂಡ. “ಕಟ್ಬೋದು ಸಾರ್. ಇಲ್ಲ ಅನ್ನಲ್ಲ. ಯಾರ್ಗೆ?”

ಚನ್ನವೀರಯ್ಯ ಸಿಂಕಿನ ಕಡೆ ನೋಡಿದ.

“ಓ, ಅಕ್ಕಂಗಾ.” ಗೋವಿಂದರಾಜು ಬೇಸರಿಸಿಕೊಳ್ಳಲಿಲ್ಲ. “ಒಬ್ಳಿಗೋಸ್ಕರ ಗೋಡೆ ಒಡ್ದು, ಕ್ರೇಟೆಲ್ಲ ಎಲ್ಲಿಡ್ಲಿ ಸಾರ್? ನೀವು ಬರೀಲೇಬೇಕು ಅಂದ್ರೆ ಬರೀರಿ. ನಾಳೆಯಿಂದ ಗಂಡಾಳು ಇಟ್ಕೋತೀನಿ. ಆಗ ನಿಮ್ ಕಾಗ್ದನೂ ಸರಿ, ನಮ್ ಬಾರೂ ಸರಿ.”

ಎಷ್ಟು ಸಲೀಸು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸುಳ್ಳು ಮಹಜರನ್ನು ನಿಜ ಮಾಡುವುದಕ್ಕೆ ಒಬ್ಬ ಹೆಂಗಸನ್ನು ಮನೆಗೆ ಕಳಿಸಿದರೆ ಸಾಕಾಗಿತ್ತು.

“ಅಕ್ಕ, ಬಾ ಇಲ್ಲಿ. ಒಂದು ಹೆಬ್ಬೆಟ್ಟು,” ಎಂದು ಕೂಗಿ ಅವನು ಗಲ್ಲಾದ ಕಡೆ ಹೋದ.

ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಗುರುತು ಹಿಡಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಅಭ್ಯಾಸದಿಂದ ಹೆಬ್ಬೆರಳು ಮುಂದೆ ಮಾಡಿದಳು.

“ತಡೀರಿ. ಓದಿ ಹೇಳ್ಬೇಕು,” ಎಂದ ಚನ್ನವೀರಯ್ಯ.

“ಓದಾದ್ಯಾಕೆ ಸಾಮಿ. ಹೋದ್ಸತಿ ಓದ್ನಿಲ್ವಲ್ಲ.”

ಗುರುತು ಹಿಡಿದಿದ್ದಳು. ಅವಳ ಮುಖ ನೋಡದೆ ಓದಿದ. ‘ಮಹಿಳಾ ನೌಕರರೂ ಇರುವುದಿಲ್ಲ’ ಎಂಬಲ್ಲಿ ಬಂದು ನಿಂತ.

“ಗೊತ್ತಾಯ್ತಾ? ಕೆಲಸದ ಹೆಂಗಸ್ರು ಇಲ್ಲಿಲ್ಲ ಅಂತ ಬರ್ದಿದೆ.”

“ಸರಿ ಐತೆ ಸಾಮಿ.”

“ನೀವು ಇದೀರಲ್ಲಮ್ಮ.”

ಪುಟ್ಟಗಂಗಮ್ಮ ಗಲ್ಲಾದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಾನಿಲ್ಲ ಅಂತ್ಲೇ ಬರ್ಕಳಿ ಸಾಮಿ. ಐದೀನಿ ಅಂದ್ರೆ ಕೆಲ್ಸ ಹೋಯ್ತದೆ. ನಮ್ಮನೇವ್ರಿಗೆ ಕೈಕಾಲು ಬಿದ್ದೋಗಿ ನಾಕು ವರ್ಷಾಯ್ತು.”

“ಮತ್ತೆ... ಇಡೀ ದಿನ?”

ಏನು ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ನಾಚಿಕೆಪಡುವ ವಯಸ್ಸು ದಾಟಿತ್ತೋ, ಅಥವಾ ನಾಚಿಕೆ ಅವನಿಗೇ ಬಿಟ್ಟದ್ದು ಎಂದುಕೊಂಡಳೋ.

“ಬಸ್ ಹತ್ತಾದ್ಕೆ ಮುಂಚಿಂದ್ಲೂ ನೀರು ಮುಟ್ಟಾಕಿಲ್ಲ. ತೀರಾ ತಡಿಯಾಕಾಗ್ನಿಲ್ಲ ಅಂದ್ರೆ ಹಿಂದ್ಗಡೆ ಮಟ್ಟೆ ರಾಶಿ ಇತ್ತು. ಈಗ ಅದ್ನೂ ತುಂಬ್ಕೊಂಡೋದ್ರು. ರೂಢಿ ಆಗೋಗೈತೆ ಬುಡಿ.”

ಅವಳ ಹಿಂದೆ ನಲ್ಲಿ ಹರಿಯುತ್ತಲೇ ಇತ್ತು. ಬೆಳಗಿನಿಂದ ಸಂಜೆವರೆಗೆ ನೀರಿನಲ್ಲಿ ಕೈ ಅದ್ದಿ ನಿಂತವಳು, ಆ ನೀರಿನಲ್ಲಿ ಒಂದು ಗುಟುಕು ಕುಡಿಯುವುದಿಲ್ಲ. ಚನ್ನವೀರಯ್ಯನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲಿಲ್ಲ. ಇಂಕ್ ಪ್ಯಾಡಿನ ಮುಚ್ಚಳ ತೆಗೆದ.

ಅವಳು ಒತ್ತಿದಳು. ಕಾಗದದ ಮೇಲೆ ಮೂಡಿದ್ದು ಒಂದು ನೀಲಿ ಮಚ್ಚೆ. ಗೆರೆಗಳೇ ಇರಲಿಲ್ಲ. ಹಳೆಯ ಮಹಜರಿನಲ್ಲಿ ಅಲ್ಲೊಂದು ಇಲ್ಲೊಂದಾದರೂ ಇದ್ದವು.

“ಇನ್ನೊಂದ್ಸಲ ಒತ್ತಿ.”

“ಎಷ್ಟು ಒತ್ತಿದ್ರೂ ಅಷ್ಟೇಯ. ಸೋಪಿನ ಪುಡಿ ತಿಂದಾಕ್ಬುಡ್ತು. ರೇಷನ್ ಅಂಗಡಿ ಮಿಷಿನ್‌ಗೂ ಬರಾಕಿಲ್ಲ, ನೀನು ಯಾರೋ ಗೊತ್ತಾಗಾಕಿಲ್ಲ ಅಂತಾರೆ.” ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ನನ್ ಹೆಸ್ರು ಎಲ್ಲಾದ್ರೂ ಬರ್ದಿದೀರಾ ಸಾಮಿ?”

“ಸಾಕ್ಷಿ ಅಂತ ಬರ್ದಿದೀನಿ.”

“ಅದಿರ್ಲಿ ಬುಡಿ,” ಎಂದು ಅವಳು ಸಿಂಕಿಗೆ ವಾಪಸು ಹೋದಳು.

ಬಲಗಡೆ ಅವನ ಸಹಿಯ ಜಾಗ ಖಾಲಿ ಉಳಿದಿತ್ತು. ಗೋವಿಂದರಾಜು ಬಂದು ಬಗ್ಗಿ ನೋಡಿದ. “ನೀವು ಹಾಕ್ಲಿಲ್ವಲ್ಲ ಸಾರ್.”

“ಆಫೀಸಲ್ಲಿ ಹಾಕ್ತೀನಿ.”

ಅವಳ ಇಂಕು ಆರುವ ಮೊದಲೇ ಕಾಗದವನ್ನು ಉದ್ದಕ್ಕೆ ನಟ್ಟನಡುವೆ ಮಡಚಿ ಜೇಬಿಗಿಟ್ಟುಕೊಂಡು ಹೊರಬಿದ್ದ. ಹೋಗುವಾಗ ಒಮ್ಮೆ ಗಂಡಸರ ಕಡೆಯ ಬಾಗಿಲು ತಳ್ಳಿದ. ಲಾರಿಯವನೊಬ್ಬ ಹಾಡಿಕೊಂಡು ಹೊರಬಂದ. ಆ ಬಾಗಿಲಿಗೆ ಚಿಲಕವಿರಲಿಲ್ಲ. ಅವನು ಒಳಗೆ ಹೋಗಿ ನಿಂತ. ಗೋಡೆಯಾಚೆ ಲೋಟಗಳು ಒಂದಕ್ಕೊಂದು ತಾಗುವ ಸದ್ದು. ಎಷ್ಟು ಹೊತ್ತು ನಿಂತನೋ. ಕೊನೆಗೆ ಗಂಗರಾಜುವೇ ಹುಡುಕಿಕೊಂಡು ಬಂದ.

“ಆಯ್ತಾ ಸಾರ್?”

“ಆಯ್ತು,” ಎಂದ.

ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದ. ಇದ್ದಾಳೆ ಎಂದು ಬರೆದರೆ ನಾಳೆಯಿಂದ ಅವಳಿರುವುದಿಲ್ಲ. ಇಲ್ಲ ಎಂದು ಬರೆದರೆ ಇರುತ್ತಾಳೆ, ಇದ್ದ ಹಾಗೆಯೇ ಇರುತ್ತಾಳೆ, ನೀರು ಕುಡಿಯದೆ. ಮೂರು ಪುಟದ ವಿನಾಯಿತಿಗಳನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ಓದಿದ. ಅವಳಿಗೆ ಆಗುವಂಥದ್ದು ಒಂದೂ ಇರಲಿಲ್ಲ. ಎಲ್ಲವೂ ಗೋಡೆಗೆ, ಕುರ್ಚಿಗೆ, ಮೀಟರಿಗೆ ಕೊಟ್ಟ ವಿನಾಯಿತಿಗಳು.

ಕಚೇರಿಗೆ ಹೋಗದೆ ಮನೆಯಲ್ಲೇ ಇಳಿದುಕೊಂಡ. ಕತ್ತಲಾಗಲು ಇನ್ನೂ ಹೊತ್ತಿತ್ತು. ಊಟದ ಮೇಜಿನ ಮುಂದೆ ಸುಮ್ಮನೆ ಕೂತ. ಕಾಲು ಬಿಡಿಸಿದರೂ ನೋವು, ಮಡಿಸಿದರೂ ನೋವು.

ವನಜಾಕ್ಷಿ ಬಂದಳು. ಚೀಲವನ್ನು ಕುರ್ಚಿಗೆ ಎಸೆದು, ಅವನತ್ತ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ನೇರ ಬಚ್ಚಲಿಗೆ ಓಡಿದಳು. ದಿನವೂ ಹೀಗೇ ಓಡುತ್ತಿದ್ದಳು. ಅವನು ಅದನ್ನು ಇವತ್ತು ನೋಡಿದ. ಬಾಗಿಲಾಚೆಯಿಂದ ಸದ್ದು ಕೇಳಿತು. ನಿಲ್ಲುತ್ತದೆ ಎಂದುಕೊಂಡರೆ ನಿಲ್ಲಲಿಲ್ಲ. ಇಷ್ಟನ್ನು ಹಿಡಿದುಕೊಂಡು ಅವಳು ದಿನವಿಡೀ ಪಾಠ ಮಾಡಿದ್ದಳು.

ಹೊರಬಂದು, ಚೀಲದಿಂದ ಬಾಟಲು ತೆಗೆದು ದಾಸವಾಳದ ಕುಂಡಕ್ಕೆ ಸುರಿದಳು. ಪೂರ್ತಿ ತುಂಬಿದ ಬಾಟಲು.

“ಶಾಲೇಲಿ ಇಲ್ವಾ?” ಎಂದ.

“ಏನು?”

“ಅದೇ. ಟಾಯ್ಲೆಟ್ಟು.”

ಅವಳು ಬಾಟಲನ್ನು ಕೊನೆಯ ಹನಿಯವರೆಗೂ ಬಗ್ಗಿಸಿ ಹಿಡಿದಿದ್ದಳು. “ಹೇಳಿದ್ನಲ್ಲ. ಮದುವೆಯಾದ್ ವರ್ಷ. ಒಂದು ಅರ್ಜಿ ಬರ್ದು ಕೊಡು ಅಂದಿದ್ರಿ.”

“ಕೊಟ್ಟಿದ್ಯಾ?”

“ಕೊಟ್ಟಿದ್ದೆ. ಉತ್ರನೂ ಬಂತು. ಒಬ್ಳೇ ಟೀಚರ್ ಇರೋ ಶಾಲೆಗೆ ವಿನಾಯಿತಿ ಇದ್ಯಂತೆ.”

ಮಾತಿನಲ್ಲಿ ಕೋಪವಿರಲಿಲ್ಲ. ಅವಳು ಕೈ ತೊಳೆಯಲು ಮತ್ತೆ ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟಳು. “ಹೋಗಿ, ನಲ್ಲಿ ಬಿಟ್ಟಿದೀನಿ. ಸದ್ದು ಕೇಳಿದ್ರೆ ಬರ್ಬೋದು,” ಎಂದು ಅಡುಗೆಮನೆಗೆ ನಡೆದಳು.

ಚನ್ನವೀರಯ್ಯ ಜೇಬಿನಿಂದ ಮಹಜರು ತೆಗೆದ. ಪೆನ್ನಿನ ಮುಚ್ಚಳ ತೆಗೆದು ಮಡಿಕೆ ಬಿಚ್ಚಿದ.

ಎಡಗಡೆ ಪುಟ್ಟಗಂಗಮ್ಮನ ಹೆಬ್ಬೆಟ್ಟು ಇತ್ತು. ಒದ್ದೆ ಇಂಕು ಮಡಿಕೆಯೊಳಗೆ ಒತ್ತಿಕೊಂಡು, ಬಲಗಡೆ ಅವನ ಹೆಸರಿನ ಮೇಲೆ, ಸಹಿ ಹಾಕಬೇಕಾದ ಜಾಗದಲ್ಲಿ ಇನ್ನೊಂದು ಮೂಡಿತ್ತು. ಅದೇ ನೀಲಿ, ಅದೇ ಅಗಲ. ಒಂದೂ ಗೆರೆಯಿರಲಿಲ್ಲ. ಕೆಲಸದ ಹೆಂಗಸರು ಇಲ್ಲ ಎಂದು ಯಾರೋ ಆಗಲೇ ಅವನ ಪರವಾಗಿ ಒಪ್ಪಿ ಒತ್ತಿಹೋಗಿದ್ದರು.

ಪೆನ್ನು ಕೆಳಗಿಟ್ಟು ತನ್ನ ಹೆಬ್ಬೆರಳನ್ನು ಮೆಲ್ಲಗೆ ಅದರ ಮೇಲಿಟ್ಟು ನೋಡಿದ. ಅಳತೆ ಸರಿಹೋಯಿತು.

ಬಚ್ಚಲಲ್ಲಿ ಬಕೆಟ್ಟು ತುಂಬಿ ಹೊರಗೆ ಹರಿಯತೊಡಗಿತು. ಅವನು ಬೆರಳು ತೆಗೆಯಲಿಲ್ಲ.